ಆಡಿನ ಕೋಡಿಗೆ ಹಚ್ಚಿದ ಉಗುರುಬಣ್ಣ

"ಈ ಬಣ್ಣ ಕಲಸಿದವರು ಯಾರು?" ಎಂದು ಒಬ್ಬರು ಕೇಳಿದಾಗ "ನಮ್ಮ ಅಕ್ಕ" ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. "ನಾನೇ" ಅಂದೆ. ಆಮೇಲೆ ಇನ್ನೊಂದು ಸಲ, ಇಂಡಿ ಎಂಬ ಊರಿನ ಒಂದು ಮದುವೆ ಮನೆಯ ಅಂಗಳದಲ್ಲಿ, ಅಕ್ಕನೇ ನನ್ನ ಕಡೆ ತಿರುಗಿ "ಹೇಳೋ" ಅಂದಾಗಲೂ ನಿಜ ಹೇಳಲಿಲ್ಲ. ಮೊದಲನೆಯದನ್ನು ಹುಡುಗುಬುದ್ಧಿ ಎನ್ನಬಹುದು. ಎರಡನೆಯದಕ್ಕೆ ನನ್ನ ಹತ್ತಿರ ಯಾವ ನೆವವೂ ಇಲ್ಲ.

ಅಕ್ಕ ಹೋದ ವರ್ಷ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಮೇಲೆ ಮನೆ ತುಂಬ ಹೆಂಗಸರು ಕೂತಿದ್ದರು. ಅತ್ತದ್ದಕ್ಕಿಂತ ಅವರು ನಕ್ಕದ್ದೇ ಹೆಚ್ಚು. ಒಬ್ಬೊಬ್ಬ ಮುದುಕಿಯೂ ಸುಕ್ಕುಗಟ್ಟಿದ ಕೈ ಮುಂದೆ ಚಾಚಿ, ತನ್ನ ಮದುವೆಯಲ್ಲಿ ಯಾವ ಬೆರಳಿಗೆ ಯಾವ ಬಣ್ಣ ಇತ್ತೆಂದು ಹೇಳುತ್ತಿದ್ದಳು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮಂಚ, ಬಾಗಿಲು, ಕುರ್ಚಿಗಳಿಗೆ ಪಾಲಿಶ್ ಹೊಡೆದು ಬದುಕಿದವನು. ಆ ಕೈಗಳನ್ನೆಲ್ಲ ನೋಡಿದ ಮೇಲೆ, ತಿಳಿದಷ್ಟು ಬರೆದಿಡಬೇಕು ಅನ್ನಿಸಿತು.

ನಮ್ಮದು ಸಿಂದಗಿಯಲ್ಲಿ ಬಳೆಗಾರರ ಮನೆ. ಅಪ್ಪ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಯಂಕಂಚಿ, ತಾಂಬಾ, ಇಂಡಿ ಎಂದು ಊರೂರು ತಿರುಗುತ್ತಿದ್ದ. ಮದುವೆ ಮನೆಗೆ ಹೋಗುವಾಗ ಮಾತ್ರ ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಅಪ್ಪ ಬಳೆ ಏರಿಸುವಾಗ ಮದುಮಗಳು ಕೈ ಬಿಗಿ ಹಿಡಿಯದಂತೆ ಮಾತಾಡಿಸುತ್ತ, ಅಂಗೈ ಒತ್ತುತ್ತ ಕೂರುವುದು ಆಕೆಯ ಕೆಲಸ. ಹೀಗಾಗಿ ಅಕ್ಕನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಕೈ ನೆನಪಿರುತ್ತಿತ್ತು. ಬಜಾರದಲ್ಲಿ ಯಾರಾದರೂ "ಆರಾಮ ಅದಿಯೇನವಾ?" ಎಂದರೆ ಮುಖ ನೋಡಿ ತಬ್ಬಿಬ್ಬಾಗುವಳು. ಮೆಲ್ಲಗೆ ಕಣ್ಣು ಕೆಳಗಿಳಿಸಿ ಕೈ ನೋಡಿದ ಮೇಲೆ ಮುಖ ಅರಳುವುದು. "ಓ, ತಾಂಬಾದ ಅತ್ತಿ! ಕಿರಿಬೆರಳ ಉಗರ ಇನ್ನೂ ಡೊಂಕ ಐತಿ ನೋಡ್ರಿ!"

ಆಕೆ ಉದ್ದಕ್ಕೆ, ತೆಳ್ಳಗೆ ಇದ್ದಳು. ದನಿ ಮಾತ್ರ ಎರಡು ಓಣಿಗೆ ಕೇಳುವಷ್ಟು. ನಗು ಬಂದರೆ ಪಕ್ಕದಲ್ಲಿದ್ದವರ ಬೆನ್ನಿಗೆ ಗುದ್ದುವ ಚಾಳಿ ಇತ್ತು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಪಕ್ಕದಲ್ಲಿರುತ್ತಿದ್ದವನು ಯಾವಾಗಲೂ ನಾನೇ.

ನಮ್ಮ ಕಡೆ ಇನ್ನೂ ಮುಂಬೈ ರಾಜ್ಯ ಇದ್ದ ದಿನಗಳಲ್ಲಿ ಹೆಣ್ಣುಮಕ್ಕಳ ಶಾಲೆಗೆ ಸೊಲ್ಲಾಪುರದಿಂದ ಒಬ್ಬ ಬಾಯಿ, ಎಂದರೆ ಶಿಕ್ಷಕಿ, ಬಂದರು. ಅವರ ಉಗುರು ಕೆಂಪಗೆ ಹೊಳೆಯುತ್ತಿದ್ದವು. ಊರಿನ ಹೆಂಗಸರು ಪಾಠ ಕೇಳುವ ಮಕ್ಕಳನ್ನು ಬಿಡಲು ಬಂದ ನೆವದಲ್ಲಿ ಆ ಉಗುರು ನೋಡಿ ಹೋಗುತ್ತಿದ್ದರು. ಅವರು ನಮ್ಮ ಮನೆಗೆ ಹಸಿರು ಬಳೆ ಇಡಿಸಿಕೊಳ್ಳಲು ಬಂದಾಗ ಅಕ್ಕ ಕೈ ಹಿಡಿದುಕೊಂಡು ಸುಮ್ಮನಿರಲಿಲ್ಲ.

"ಬಾಯಾರ, ಬಳಿ ಹಸರ, ಉಗರ ಕೆಂಪ. ಎರಡೂ ಜಗಳ ಆಡಾಕತ್ತಾವಲ್ರಿ."

ಬಾಯಿ ನಕ್ಕರು. "ಬಾಟಲಿಯಲ್ಲಿ ಸಿಗುವುದೇ ಈ ಒಂದು ಬಣ್ಣ. ನಾನೇನು ಮಾಡಲಿ?"

"ನಮ್ಮಪ್ಪನ ಮಲಾರದಾಗ ನಲವತ್ತ ಬಣ್ಣ ಅದಾವ್ರಿ. ಉಗರಿಗ್ಯಾಕ ಒಂದ?"

ಮುಂದಿನ ಸಲ ಬಂದಾಗ ಬಾಯಿ ತಮ್ಮ ತೀರಿದ ಬಾಟಲಿಯನ್ನು ಅಕ್ಕನ ಕೈಗಿತ್ತರು. ತಳದಲ್ಲಿ ಒಣಗಿದ ಒಂದು ಹನಿ ಇತ್ತು. ಅಕ್ಕ ಅದನ್ನು ಮೂರು ದಿನ ಮೂಸಿ ನೋಡಿದಳು.

ಮೊದಲ ಪ್ರಯತ್ನ ಕುಂಕುಮ, ಜಾಲಿ ಮರದ ಅಂಟು ಮತ್ತು ಔಡಲ ಎಣ್ಣೆಯದು. ಬೆಳಿಗ್ಗೆ ಹತ್ತೂ ಉಗುರಿಗೆ ಹಚ್ಚಿಕೊಂಡು, ಒಣಗಿದೆ ಎಂದು ನಂಬಿ ರೊಟ್ಟಿ ತಟ್ಟಲು ಕೂತಳು. ಊಟಕ್ಕೆ ಕೂತ ಅಪ್ಪ ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು ಕೇಳಿದ: "ಏನವಾ, ಈ ಸಲ ಜ್ವಾಳಕ್ಕ ದಡಾರ ಎದ್ದಾವೇನ?"

ಅವ್ವ ಬೇರೆ ಕಾರಣಕ್ಕೆ ಬೈದಳು. "ಉಗರ ಮ್ಯಾಲ ಹಿಂಗ ಮೆತ್ತಿಕೊಂಡ್ರ ವುಜೂ ಹೆಂಗ ಮಾಡತಿ?"

ಅದು ಸರಿಯಾದ ಮಾತೇ. ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆಯುವಾಗ ನೀರು ಉಗುರಿಗೂ ತಾಗಬೇಕು. ಗೋರಂಟಿಯ ಕೆಂಪು ಉಗುರಿನೊಳಗೇ ಇಳಿಯುವುದರಿಂದ ಅಡ್ಡಿಯಿಲ್ಲ. ಬಣ್ಣ ಪದರಾಗಿ ಕೂತರೆ ನೀರು ತಾಗುವುದಿಲ್ಲ. ಅಕ್ಕ ಐದು ಹೊತ್ತಿನ ನಮಾಜು ಬಿಟ್ಟವಳಲ್ಲ. ಅಂದಿನಿಂದ ಊರಿಗೆಲ್ಲ ಬಣ್ಣ ಹಚ್ಚಿದವಳ ಉಗುರು ಬೋಳಾಗಿಯೇ ಉಳಿದವು. ಅದರ ಬಗ್ಗೆ ಆಕೆಗೆ ಬೇಸರವಿದ್ದಂತೆ ಕಾಣಲಿಲ್ಲ. "ಮಿಠಾಯಿ ಮಾಡಾಂವ ಎಲ್ಲಾ ತಾನ ತಿಂತಾನೇನ?" ಎನ್ನುತ್ತಿದ್ದಳು.

ಆ ಹೊತ್ತಿಗೆ ನಾನು ಬಡಿಗೇರ ಮೇಸ್ತ್ರಿಯೊಬ್ಬರ ಹತ್ತಿರ ಪಾಲಿಶ್ ಕೆಲಸಕ್ಕೆ ಸೇರಿದ್ದೆ. ಚಪಡಾ ಎನ್ನುವ ಅರಗಿನ ತೆಳು ಹಳಕುಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಮರುದಿನಕ್ಕೆ ಕರಗಿ ಜೇನಿನಂತಾಗುತ್ತದೆ. ಅದನ್ನು ಬಟ್ಟೆಯ ಉಂಡೆಗೆ ತಾಗಿಸಿ ಕಟ್ಟಿಗೆಯ ಮೇಲೆ ತಿಕ್ಕಬೇಕು. ಒಂದು ದಿನ ಊಟಕ್ಕೆ ಕೂತಾಗ ಅಕ್ಕ ನನ್ನ ಕೈ ಹಿಡಿದೆಳೆದಳು. ಹೆಬ್ಬೆರಳಿನ ಉಗುರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಏ ತಮ್ಮಾ, ಇದೇನ ಹಚ್ಚಿಕೊಂಡಿ?"

"ಮಂಚದ ಪಾಲಿಶ್. ಹತ್ತಿದ್ದು ಹೋಗವಲ್ದು."

ಆಕೆ ಅದನ್ನು ಗೀರಿ ನೋಡಿದಳು. ಬಿಸಿ ಸಾರಿನಲ್ಲಿ ನನ್ನ ಬೆರಳು ಅದ್ದಿ ನೋಡಿದಳು, ನಾನು ಚೀರಿದೆ. ಹೊಳಪು ಕದಲಲಿಲ್ಲ. "ನಾಳಿ ಒಂದ ಬಟ್ಟಲ ತಗೊಂಬಾ" ಅಂದಳು.

"ಮೇಸ್ತ್ರಿ ಬೈತಾರ."

"ಸಂಜೀಕ ಬಟ್ಟಲ ತೊಳದು ಚೆಲ್ಲತೀಯಲಾ, ಆ ಚೆಲ್ಲೂದ ಕೊಡು ಅಂತ ಕೇಳು. ಚೆಲ್ಲೂದಕ್ಕ ಯಾರ ಬೈತಾರ?"

ಮೇಸ್ತ್ರಿ ಬೈಯಲಿಲ್ಲ, ನಕ್ಕು ಕೊಟ್ಟರು. ಅಲ್ಲಿಂದ ನಮ್ಮ ಹಿತ್ತಲು ಬಣ್ಣದ ಕಾರಖಾನೆಯಾಯಿತು. ದವಾಖಾನೆಯ ಕಂಪೌಂಡರನಿಂದ ಸೂಜಿಮದ್ದಿನ ಖಾಲಿ ಸೀಸೆಗಳು ಬಂದವು. ರಬ್ಬರಿನ ಮುಚ್ಚಳ ಇದ್ದುದರಿಂದ ಸ್ಪಿರಿಟ್ಟು ಹಾರುತ್ತಿರಲಿಲ್ಲ. ಕುಂಕುಮ, ಬಟ್ಟೆಗೆ ಹಾಕುವ ನೀಲಿ, ಅರಿಸಿನ, ಕಾಡಿಗೆ, ಹುರಮಂಜು ಎನ್ನುವ ಕೆಮ್ಮಣ್ಣು, ಎಲ್ಲವನ್ನೂ ಅರೆದು ಮಲಮಲ್ ಬಟ್ಟೆಯಲ್ಲಿ ಸೋಸುವಳು. ಬಿರುಕು ಬಿಡದಿರಲೆಂದು ಸೀಸೆಗೆ ಒಂದೇ ಹನಿ ಔಡಲ ಎಣ್ಣೆ. ಹೊಳಪು ಬೇಕಾದರೆ ಕಲ್ಲಿನ ರಾಶಿಯಲ್ಲಿ ಆಯ್ದ ಕಾಗೆಬಂಗಾರವನ್ನು ಕುಟ್ಟಿ ಹಿಟ್ಟು ಮಾಡಿ ಚಿಟಿಕೆಯಷ್ಟು ಹಾಕುವಳು. ಕಸಬರಿಗೆಯ ಕಡ್ಡಿಗೆ ಆಡಿನ ಕಿವಿಯ ಕೂದಲು ಕಟ್ಟಿದರೆ ಕುಂಚ. ಚುಕ್ಕಿ ಇಡುವುದಕ್ಕೆ ಜಾಲಿಮುಳ್ಳು. ಉಗುರಿನ ಬುಡದಲ್ಲಿ ಅರ್ಧಚಂದ್ರ, ಮೇಲೆ ಐದು ಚುಕ್ಕಿಯ ಹೂವು, ಇಲ್ಲವೇ ಮುಳ್ಳಿನ ತುದಿಯಲ್ಲಿ ಎಳೆದ ಒಂದು ಜೋಳದ ತೆನೆ. ಅದಕ್ಕಿಂತ ಹೆಚ್ಚು ಯಾರು ಕೇಳಿದರೂ "ಉಗರ ಐತವಾ, ಗ್ವಾಡಿ ಅಲ್ಲ" ಎನ್ನುವಳು.

ಬಣ್ಣ ಕೂಡಿತೋ ಇಲ್ಲವೋ ಎಂದು ಮನೆಯೊಳಗೆ ಎಂದೂ ನೋಡುತ್ತಿರಲಿಲ್ಲ. ಸೀಸೆ ಹಿಡಿದು ಬಿಸಿಲಿಗೆ ಹೋಗಿ, ಒಂದು ಕಣ್ಣು ಮುಚ್ಚಿ, ನಾಲಿಗೆಯ ತುದಿ ಹೊರಗೆ ಹಾಕಿ, ಪಕ್ಕದಲ್ಲಿ ಬಳೆ ಹಿಡಿದು ನೋಡುವಳು. ನಾನು ಒಮ್ಮೆ "ಕೆಂಪ ಆತಲಾ, ಸಾಕು" ಎಂದುದಕ್ಕೆ ಬೆನ್ನಿಗೆ ಬಿತ್ತು. "ಕೆಂಪ ಅಂದ್ರ ಒಂದ ಮನಿ ಅಲ್ಲೋ, ಒಂದ ಓಣಿ. ಯಾರ ಮನಿ ಅಂತ ಹೇಳಬೇಕು." ಆಕೆಯ ಬಣ್ಣಗಳಿಗೆ ಆಕೆಯೇ ಇಟ್ಟ ಹೆಸರುಗಳಿದ್ದವು: ಕುಸುಬಿ ಹೂ, ಗಿಳಿಯ ಕುತ್ತಿಗೆ, ಎಳೆಜೋಳದ ಸೀತನಿ ಹಸಿರು, ಮಳೆ ಬಿದ್ದ ಎರೆಹೊಲ, ಸಾಲಿ ಬಾಯಿ. ಕೊನೆಯದು ಸೊಲ್ಲಾಪುರದ ಆ ಕೆಂಪು.

ಯಂಕಂಚಿಯ ಒಂದು ಮದುವೆಯಲ್ಲಿ ಮದುಮಗಳ ಹೆಬ್ಬೆರಳು ಬೀಸುಕಲ್ಲಿಗೆ ಸಿಕ್ಕು ಉಗುರು ಕಪ್ಪು ನೀಲಿಯಾಗಿತ್ತು. ಹುಡುಗಿ ಕೈಯನ್ನು ಸೆರಗಿನೊಳಗಿಂದ ತೆಗೆಯಲೊಲ್ಲಳು. ಎಲ್ಲರೂ ಆ ಒಂದು ಉಗುರನ್ನು ಮುಚ್ಚು ಎಂದರು. ಅಕ್ಕ ಅದನ್ನು ಹಾಗೇ ಬಿಟ್ಟು, ನೀಲಿಗೆ ಕಾಡಿಗೆ ಕಲಸಿ, ಉಳಿದ ಒಂಬತ್ತು ಉಗುರನ್ನೂ ಅದೇ ಬಣ್ಣ ಮಾಡಿದಳು. ಹತ್ತರ ಮೇಲೂ ಒಂದೊಂದು ಬಿಳಿಯ ಚುಕ್ಕಿ ಇಟ್ಟಳು. ಆ ವರ್ಷ ಯಂಕಂಚಿಯಲ್ಲಿ ಮದುವೆಯಾದ ಹುಡುಗಿಯರೆಲ್ಲ "ನನಗೂ ಬೀಸುಕಲ್ಲ ಬಣ್ಣ" ಎಂದು ಹಟ ಹಿಡಿದರಂತೆ. ಬಸವನಬಾಗೇವಾಡಿಯಿಂದಲೂ ಕರೆ ಬರತೊಡಗಿತು. ಅಪ್ಪನ ಬಳೆಗಿಂತ ಮೊದಲು ಅಕ್ಕನ ತಗಡಿನ ಪೆಟ್ಟಿಗೆಯನ್ನು ಕೇಳುತ್ತಿದ್ದರು. ಅಪ್ಪ "ನಾ ನಿನ್ನ ಹಮಾಲ ಆದೆ" ಎಂದು ಹೆಮ್ಮೆಯಿಂದ ಗೊಣಗುತ್ತಿದ್ದ.

ಹೊಸ ಬಣ್ಣ ಪರೀಕ್ಷಿಸುವುದಕ್ಕೆ ಮಾತ್ರ ಉಗುರು ಬೇಕಲ್ಲ. ತನ್ನದು ಆಗದು. ಮೊದಲು ನನ್ನ ಕಾಲಿಗೆ ಹಚ್ಚಿದಳು. ಬೆರಳಿಗೊಂದು ಬಣ್ಣ ಹಚ್ಚಿಕೊಂಡು ಕೆಲಸಕ್ಕೆ ಹೋದಾಗ ಮೇಸ್ತ್ರಿ ಉಳಿ ಕೆಳಗಿಟ್ಟು ನಕ್ಕರು. ಮರುದಿನ ನಾನು ಒಲ್ಲೆ ಅಂದೆ. ಆಕೆ ಹಿತ್ತಲಲ್ಲಿ ಸುತ್ತ ನೋಡಿದಳು. ಗೂಟಕ್ಕೆ ಕಟ್ಟಿದ ನಮ್ಮ ಆಡು ಮೆಲುಕು ಹಾಕುತ್ತಿತ್ತು.

"ಕೋಡ ಅಂದ್ರೇನ, ದಪ್ಪನ ಉಗರ. ಅದಕ್ಕ ನಮಾಜ ಇಲ್ಲ, ನಾಚಿಕಿನೂ ಇಲ್ಲ" ಅಂದಳು.

ಅಂದಿನಿಂದ ನಮ್ಮ ಆಡಿನ ಕೋಡು ವಾರಕ್ಕೊಂದು ಬಣ್ಣ. ಬಿಸಿಲಿಗೆ ಮಾಸುತ್ತದೋ, ನೀರಿಗೆ ಇಳಿಯುತ್ತದೋ, ಗೋಡೆಗೆ ತಿಕ್ಕಿದರೆ ಏಳುತ್ತದೋ ಎಲ್ಲವನ್ನೂ ಆಡು ಪುಕ್ಕಟೆ ಹೇಳುತ್ತಿತ್ತು.

ಒಂದು ಕಾರಹುಣ್ಣಿಮೆಗೆ ಎರಡು ದಿನ ಇರುವಾಗ ತಾಂಬಾದ ರೈತರೊಬ್ಬರು ಅಪ್ಪನನ್ನು ಕೇಳಿಕೊಂಡು ಮನೆಗೆ ಬಂದರು. ಅಪ್ಪ ಇರಲಿಲ್ಲ. ಅವರ ಕಣ್ಣು ಆಡಿನ ಮೇಲೆ ಬಿತ್ತು. ಒಂದು ಕೋಡು ಕುಸುಬಿ ಹೂ, ಕಾಗೆಬಂಗಾರದ ಹೊಳಪಿನದು. ಇನ್ನೊಂದು ಗಿಳಿಯ ಕುತ್ತಿಗೆ, ಬಿಳಿಯ ಚುಕ್ಕಿಯದು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಎಣ್ಣೆಯಲ್ಲಿ ಕಲಸಿದ ಹುರಮಂಜು ಬಿಟ್ಟರೆ ಅವರು ಬೇರೆ ಕಂಡವರಲ್ಲ. ಕೋಡು ಮುಟ್ಟಿ, ಬೆರಳು ನೋಡಿಕೊಂಡು, ನನ್ನನ್ನು ಕೇಳಿದರು.

"ಏ ತಮ್ಮಾ, ಇದನ್ನ ಯಾರ ಕಲಸ್ಯಾರೋ?"

ಅಕ್ಕ ಒಳಗೆ ಬಾಗಿಲ ಹಿಂದೆಯೇ ಇದ್ದಳು. ನನಗೆ ಗೊತ್ತಿತ್ತು. ದೊಡ್ಡ ರುಮಾಲಿನ ಒಬ್ಬ ಯಜಮಾನ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ನಾನ ರಿ" ಅಂದೆ.

"ಭಲೆ! ನಾಡದು ನಮ್ಮ ಎತ್ತಿಗಿ ಹಚ್ಚಾಕ ಬಾ."

ಅವರು ಹೋದ ಮೇಲೆ ಅಕ್ಕ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ ಮೇಸ್ತ್ರಿ, ಹೆಂಗ ಕಲಸತೀಪಾ? ನನಗಷ್ಟ ಕಲಸು."

"ಹಂಗಲ್ಲಕ್ಕಾ, ಹೆಣ್ಣಮಗಳ ಹೆಸರ ಮಂದ್ಯಾಗ ಯಾಕ ಅಂತ…"

"ನನ್ನ ಹೆಸರ ಸಣ್ಣದ ಐತಿ. ಮಂದ್ಯಾಗ ಹಿಡಸತಿತ್ತು." ಅಷ್ಟು ಹೇಳಿ ನಕ್ಕಳು, ಬೆನ್ನಿಗೆ ಗುದ್ದಿದಳು. ಎರಡು ದಿನದಲ್ಲಿ ಎರಡು ತಂಬಿಗೆ ಬಣ್ಣ ಕಲಸಿ ಕೊಟ್ಟಳು.

ಆ ಕಾರಹುಣ್ಣಿಮೆಯಲ್ಲಿ ಕರಿ ಹರಿಯಲೆಂದು, ಎಂದರೆ ಊರಬಾಗಿಲಿಗೆ ಕಟ್ಟಿದ ತೋರಣ ಹರಿಯಲೆಂದು, ಎತ್ತುಗಳನ್ನು ಓಡಿಸುವ ಹೊತ್ತಿಗೆ ಸರಿಯಾಗಿ ಮಳೆ ಹೊಡೆಯಿತು. ಊರ ಎತ್ತುಗಳ ಕೋಡಿನ ಹುರಮಂಜು ಇಳಿದು ಮುಖದ ಮೇಲೆಲ್ಲ ಹರಿಯಿತು. ಕೆಂಪು ಕಣ್ಣೀರು ಸುರಿಸುತ್ತ ಓಡಿದಂತಿತ್ತು. ನಾನು ಹಚ್ಚಿದ ಜೋಡಿಯ ಕೋಡು ಮಾತ್ರ ಮಿಂಚುತ್ತ ಬಂದವು. ಮರುವರ್ಷ ಇಂಡಿಯಿಂದ ಕರೆದರು, ಅದರ ಮರುವರ್ಷ ನಿಡಗುಂದಿಯಿಂದ. ನನಗೆ "ಕೋಡಿನ ಮೇಸ್ತ್ರಿ" ಎಂದು ಹೆಸರಾಯಿತು. ಅಕ್ಕ ಕಲಸುತ್ತಿದ್ದಳು, ನಾನು ಹಚ್ಚುತ್ತಿದ್ದೆ. ಹಬ್ಬದ ದಿನ ಆಕೆ ಮಾಳಿಗೆ ಏರಿ ನಿಂತು, ಬೀದಿಯಲ್ಲಿ ಹೋಗುವ ಎತ್ತು ತೋರಿಸಿ ಅವ್ವನಿಗೆ ಹೇಳುತ್ತಿದ್ದಳು: "ಅಕಾ ನೋಡು, ನನ್ನ ಕುಸುಬಿ ಹೂ ಹೊಂಟೈತಿ." ಮಾಳಿಗೆಯ ಮೇಲಿನ ಮಾತು ಬೀದಿಗೆ ಕೇಳುತ್ತಿರಲಿಲ್ಲ. ಕೇಳದಿರುವುದೇ ನನಗೆ ಅನುಕೂಲವಾಗಿತ್ತು.

ಹೀಗೆ ಆರು ವರ್ಷ ಕಳೆದವು. ಅಷ್ಟರಲ್ಲಿ ಅಕ್ಕ ಮದುವೆಯಾಗಿ ಹಿಂದಿನ ಓಣಿಗೇ ಹೋಗಿದ್ದಳು; ನನಗೂ ಮದುವೆಯಾಗಿ ಮಗಳು ಹುಟ್ಟಿದ್ದಳು. ಭಾವ ಸಾಧು ಮನುಷ್ಯ. ಬಣ್ಣದ ವಾಸನೆಗೆ ಸೀನುತ್ತ, ಆಕೆಗೆ ಕಾಗೆಬಂಗಾರ ಕುಟ್ಟಿ ಕೊಡುತ್ತಿದ್ದ.

ಇಂಡಿಯ ಒಬ್ಬ ಗೌಡರ ಮನೆಯಲ್ಲಿ ಮದುವೆ ಬಂತು. ಬಾಗಿಲಿಗೆ, ಮಂಚಕ್ಕೆ ಪಾಲಿಶ್ ಮಾಡಲು ನಾನು ಎರಡು ದಿನ ಮೊದಲೇ ಹೋಗಿದ್ದೆ. ಬಳೆ ಇಡಿಸುವ ದಿನ ಅಪ್ಪನ ಜೊತೆ ಅಕ್ಕ ಬಂದಳು. ಪೆಟ್ಟಿಗೆ ತೆಗೆದು ಮೂವತ್ತು ಸೀಸೆ ಸಾಲಾಗಿ ಇಟ್ಟಳು. ಆ ಮದುವೆಗೆಂದೇ ಕಲಸಿದ ಒಂದು ಹೊಸ ಬಣ್ಣವಿತ್ತು, ಮದುಮಗಳ ಸೀರೆಯ ಅಂಚಿನ ಬಣ್ಣ. ಹೆಬ್ಬೆರಳಿಗೆ ಹಚ್ಚಿ ಊದುತ್ತಿದ್ದಳು. ಆಗ ಮುದ್ದೇಬಿಹಾಳದಿಂದ ಬಂದ ಗಂಡಿನ ಕಡೆಯ ಹೆಂಗಸೊಬ್ಬಳು ಬಾಗಿ ನೋಡಿದಳು.

"ಅಯ್ಯ, ಇದು ಎತ್ತಿನ ಕೋಡಿಗಿ ಹಚ್ಚೂ ಬಣ್ಣ ಅಲ್ಲೇನ್ರಿ? ಕಾರಹುಣ್ಣಿವಿಗಿ ನೋಡೇನಲ್ಲ! ತಮ್ಮ ಕೋಡಿಗಿ ಹಚ್ಚಿ ಉಳದದ್ದನ್ನ ಈಕಿ ಹುಡುಗ್ಯಾರಿಗಿ ಹಚ್ಚತಾಳ."

ಮನೆಯ ಯಜಮಾನಿ, ಗೌಡಶಾನಿ, ಅಲ್ಲೇ ಕೂತಿದ್ದರು. "ಏನವಾ ಬಳಿಗಾರ್ತಿ, ನಮ್ಮ ಹುಡುಗಿ ಕರಿ ಹರಿಯಾಕ ಹೊಂಟಾಳೇನ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕನೂ ಮೊದಲು ನಕ್ಕಳು. ಮಾತು ಚೆನ್ನಾಗಿಯೇ ಇತ್ತು. ಆಮೇಲೆ ಅವರು ನಿಜವಾಗಿ ಹಾಗೆ ತಿಳಿದಿದ್ದಾರೆಂದು ಗೊತ್ತಾಯಿತು. ಹೊಸ್ತಿಲ ಬಳಿ ಬಾಗಿಲು ತಿಕ್ಕುತ್ತಿದ್ದ ನನ್ನ ಕಡೆ ತಿರುಗಿದಳು.

"ಏ ತಮ್ಮಾ, ಹೇಳೋ ಇವರಿಗಿ. ಯಾವುದು ಮೊದಲ, ಯಾವುದು ಹಿಂದ?"

ಪಡಸಾಲೆಯಲ್ಲಿ ಗೌಡರು ಕೂತಿದ್ದರು. ಅವರ ಸುತ್ತ ಆರು ವರ್ಷದಿಂದ ನನ್ನನ್ನು ಮೇಸ್ತ್ರಿ ಎಂದು ಕರೆದ ಹತ್ತು ಮಂದಿ ರೈತರಿದ್ದರು. ನಾನು ಬಾಗಿಲ ಕೆಳಗಿನ ಹಲಗೆಗೆ ಬಾಗಿ ಜೋರಾಗಿ ತಿಕ್ಕಿದೆ.

"ಹೆಂಗಸರ ಮಾತು ನನಗೇನ ಗೊತ್ತಕ್ಕಾ" ಅಂದೆ.

ಅಕ್ಕ ನನ್ನ ಕಡೆಯಿಂದ ತಿರುಗಿದಳು. ಸೀಸೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಟ್ಟಳು. ಮದುಮಗಳ ಹೆಬ್ಬೆರಳಿನ ಬಣ್ಣ ತೆಗೆಯಬೇಕೆಂದು ಯಾರೋ ಅಂದರು. ನೀರಿಗೆ ಅದು ಹೋಗುವುದಿಲ್ಲ, ಸ್ಪಿರಿಟ್ಟು ಬೇಕು. ಸ್ಪಿರಿಟ್ಟು ಇದ್ದದ್ದು ನನ್ನ ಹತ್ತಿರ. ಬಟ್ಟೆ ಒದ್ದೆ ಮಾಡಿ ನಾನೇ ಕೊಟ್ಟೆ.

ಆ ನಗು ಇಂಡಿಯಿಂದ ಹೊರಟು ಎಲ್ಲ ಕಡೆ ಹೋಯಿತು. ಬಾಗೇವಾಡಿಯಿಂದ ಕರೆ ನಿಂತಿತು. ಯಂಕಂಚಿಯಿಂದಲೂ ನಿಂತಿತು. "ಎತ್ತಿನ ಬಣ್ಣದಾಕಿ" ಎಂದು ಹೆಸರು ಬಿತ್ತು. ಅಕ್ಕ ಅಪ್ಪನ ಜೊತೆ ಮೊದಲಿನಂತೆ ಕೈ ಹಿಡಿಯಲು ಮಾತ್ರ ಹೋಗುತ್ತಿದ್ದಳು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಮಾತು ಬಿಡಲಿಲ್ಲ. ಮುಂದಿನ ಕಾರಹುಣ್ಣಿಮೆಗೆ ನಾನು ಕೇಳಲು ಹೆದರಿ ಬಾಗಿಲಲ್ಲಿ ನಿಂತಿದ್ದರೆ, ಕಲಸಿಟ್ಟ ತಂಬಿಗೆಗಳನ್ನು ತಾನೇ ಮುಂದೆ ತಳ್ಳಿದಳು.

"ತಗೊಂಡ ಹೋಗು. ಎತ್ತ ಏನ ತಪ್ಪ ಮಾಡ್ಯಾವ?"

ಆದರೆ ಹಿತ್ತಲಿನ ಆಡಿನ ಕೋಡು ಬರಿದಾಗಿದ್ದವು. ಮೂರು ವರ್ಷ ಆಕೆ ಒಂದೇ ಒಂದು ಹೊಸ ಬಣ್ಣ ಕಲಸಲಿಲ್ಲ. ಯಾರ ಉಗುರನ್ನೂ ಮುಟ್ಟಲಿಲ್ಲ, ನನ್ನ ಮಗಳ ಉಗುರೊಂದನ್ನು ಬಿಟ್ಟು.

ಮಗಳಿಗೆ ಆಗ ನಾಲ್ಕು ವರ್ಷ. ಒಂದು ದಿನ ಅಕ್ಕ ನಮ್ಮ ಕಟ್ಟೆಯ ಮೇಲೆ ಅವಳನ್ನು ಕೂರಿಸಿಕೊಂಡು ಪುಟ್ಟ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ನೆರೆಯವಳೊಬ್ಬಳು "ಯಾರದವಾ ಇಷ್ಟ ಚಂದನ ಬಣ್ಣ?" ಎಂದು ಕೇಳಿದಳು.

"ನಮ್ಮಪ್ಪಂದು. ಎತ್ತಿನ ಬಣ್ಣ" ಎಂದಳು ಮಗಳು.

ನಾನು ಒಳಗೆ ಊಟಕ್ಕೆ ಕೂತಿದ್ದೆ. ಅಕ್ಕ ತಿದ್ದುತ್ತಾಳೆ ಎಂದು ಕಾದೆ. ಆಕೆ ಮಗುವಿನ ಬೆರಳಿಗೆ ಊದಿ ಒಣಗಿಸುತ್ತ, "ಹೌದವಾ, ನಿಮ್ಮಪ್ಪಂದ" ಅಂದಳು. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಊಟ ಮುಗಿಸುತ್ತಿದ್ದೆ.

ಎದ್ದು ಹೊರಗೆ ಬಂದೆ. ನೆರೆಯವಳು ಹೋಗಿದ್ದಳು. ಅಕ್ಕನ ಹತ್ತಿರ ಬಾಗಿ ಗೊಣಗಿದೆ. "ಅಕ್ಕಾ, ತಪ್ಪಾತು."

"ಏನು, ಉಣ್ಣೂ ಕೈಲೆ ಎದ್ದ ಬಂದಿ? ಉಪ್ಪ ಹೆಚ್ಚಾಗೇತೇನ?"

"ಅಲ್ಲ. ಬಣ್ಣದ್ದು. ಇಂಡ್ಯಾಗಿಂದು."

ಆಕೆ ಸೀಸೆಯ ರಬ್ಬರು ಮುಚ್ಚಿದಳು. ಸ್ವಲ್ಪ ಹೊತ್ತು ನನ್ನ ಕೈ ನೋಡಿದಳು, ಮುಖ ನೋಡಲಿಲ್ಲ. "ನನ್ನ ಕಿವ್ಯಾಗ ಹೇಳಿದ್ರ ಏನ ಬಂತೋ? ನನಗ ಗೊತ್ತ ಐತಿ ಯಾರ ಕಲಸ್ಯಾರ ಅಂತ. ಗೊತ್ತಿಲ್ಲದವರು ಇಂಡ್ಯಾಗ ಅದಾರ. ನಾಳಿ ಹೋಗೂಣು."

"ನಾಳೀನ?"

"ನಾಡದು ಹೋದ್ರ ನೀ ಬರ್ತಿ?"

ಮರುದಿನ ಬಸ್ಸು ಹತ್ತಿದೆವು. ಬಸ್ಸು ಎಲ್ಲಾದರೂ ಕೆಡಲಿ ಎಂದು ನಾನು ಉದ್ದಕ್ಕೂ ಬೇಡಿಕೊಂಡೆ. ದಿನಾ ಕೆಡುವ ಬಸ್ಸು ಅಂದು ಕುದುರೆಯ ಹಾಗೆ ಓಡಿತು. ಅಕ್ಕ ಚುರುಮುರಿ ತಿನ್ನುತ್ತ, ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿನ ಕೈ ಹಿಡಿದು, "ಉಗರ ಕಚ್ಚಬ್ಯಾಡ್ರಿ, ಇಷ್ಟ ಚಲೋ ಅದಾವ" ಎಂದು ಬುದ್ಧಿ ಹೇಳುತ್ತಿದ್ದಳು. ನನಗೂ ಒಂದು ಹಿಡಿ ಚುರುಮುರಿ ಕೊಟ್ಟಳು. "ತಿನ್ನು. ಹಸಿದ ಹೊಟ್ಟಿಲೆ ದನಿ ಏಳೂದಿಲ್ಲ."

ಗೌಡರ ಅಂಗಳದಲ್ಲಿ ಶ್ಯಾವಿಗೆ ಹೊಸೆಯುವ ಕೆಲಸ ನಡೆದಿತ್ತು. ಓಣಿಯ ಹದಿನೈದು ಇಪ್ಪತ್ತು ಹೆಂಗಸರು ಮಣೆ ಹಿಡಿದು ಕೂತಿದ್ದರು. ಅಂದಿನ ಮದುಮಗಳೂ ತವರಿಗೆ ಬಂದಿದ್ದಳು, ತೊಡೆಯ ಮೇಲೆ ಕೂಸಿತ್ತು. ಗೌಡಶಾನಿ ನನ್ನನ್ನು ನೋಡಿದ್ದೇ ಕೈಯಲ್ಲಿದ್ದ ಹಿಟ್ಟು ಕೆಳಗಿಟ್ಟರು.

"ಬಾರಪಾ ಕೋಡಿನ ಮೇಸ್ತ್ರಿ! ಈ ವರ್ಷ ನಮ್ಮ ಎತ್ತಿಗಿ ಯಾವ ಬಣ್ಣ ಕಲಸೀದಿ?"

ನಾನು ಏನೋ ಅಂದೆ. ನನಗೇ ಕೇಳಿಸಲಿಲ್ಲ.

"ಗಟ್ಟಿ" ಎಂದಳು ಅಕ್ಕ ಹಿಂದಿನಿಂದ.

"ನಾ ಕಲಸಿಲ್ರಿ, ಅವ್ವಾರ. ಈ ವರ್ಷನೂ ಇಲ್ಲ, ಯಾವ ವರ್ಷನೂ ಇಲ್ಲ." ಶ್ಯಾವಿಗೆಯ ಕೈಗಳು ನಿಂತವು. ಪಡಸಾಲೆಯಿಂದ ಗೌಡರೂ ಎದ್ದು ಬಂದು ನಿಂತರು. ನಾನು ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೆಂದು ಒಂದೇ ಉಸಿರಿಗೆ ಹೇಳಿದೆ. "ನಾ ಬರೇ ಹಚ್ಚಾಂವ ರಿ. ಕಲಸಾಕಿ ನಮ್ಮಕ್ಕ. ಎತ್ತಿನ ಬಣ್ಣ ಉಗರಿಗಿ ಬಂದಿಲ್ಲ, ಉಗರಿನ ಬಣ್ಣ ಎತ್ತಿಗಿ ಹೋಗೇತಿ. ತಾಂಬಾದ ಸಾವಕಾರ್ರು ಕೇಳಿದಾಗ ನಂದು ಅಂತ ಸುಳ್ಳ ಹೇಳಿದೆ. ಇದ ಅಂಗಳದಾಗ ನಮ್ಮಕ್ಕ ಹೇಳೋ ಅಂದಾಗ, ಗೊತ್ತಿದ್ದೂ ಗೊತ್ತಿಲ್ಲ ಅಂದೆ."

ಗೌಡರು ಮೀಸೆ ನೇವರಿಸಿಕೊಂಡು ನಿಧಾನವಾಗಿ ಕೇಳಿದರು: "ಅಂದ್ರ, ಇಷ್ಟ ವರ್ಷ ನನ್ನ ಹೋರಿಗೋಳು ಹೆಂಗಸರ ಉಗರಿನ ಬಣ್ಣ ಹಚ್ಚಿಕೊಂಡ ಕರಿ ಹರದಾವೇನಲೇ?"

"ಹೌದ್ರಿ."

ಮೊದಲು ನಕ್ಕವರು ಗೌಡಶಾನಿ. ಆಮೇಲೆ ಅಂಗಳವೇ ನಕ್ಕಿತು. ಮದುಮಗಳಾಗಿದ್ದವಳು ಕೂಸನ್ನು ಪಕ್ಕದವಳ ಕೈಗೆ ಕೊಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಕ್ಕನ ಮುಂದೆ ಹತ್ತೂ ಬೆರಳು ಚಾಚಿದಳು. "ಅವತ್ತ ಒಂದ ಬೆರಳಿಗಿ ಹಚ್ಚಿ ಹೋಗೀರಿ. ಒಂಬತ್ತ ಉಳದಾವ ನೋಡ್ರಿ" ಅಂದಳು.

ಅಕ್ಕ ಆ ಕೈ ಹಿಡಿದುಕೊಂಡಳು. ಆದರೆ ಕಣ್ಣು ನನ್ನ ಮೇಲೇ ಇತ್ತು; ಆಕೆ ಅಷ್ಟು ಹೊತ್ತು ನನ್ನ ಮುಖ ನೋಡಿದ್ದು ಅದೇ ಮೊದಲು. ಊರಿಗೆ ಹೇಳಬೇಕಾದದ್ದು ಆಗಿತ್ತು. ಆಕೆಗೆ ಹೇಳಬೇಕಾದದ್ದು ಇನ್ನೂ ಉಳಿದಿತ್ತು. ನಾನು ನಗು ನಿಲ್ಲುವಷ್ಟು ಗಟ್ಟಿಯಾಗಿ ಹೇಳಿದೆ:

"ಅಕ್ಕಾ, ನಿನ್ನ ಮಂದಿ ನಕ್ಕಾಗ ನಾ ಬಾಗಿಲ ತಿಕ್ಕಿಕೋತ ಕುಂತೆ. ಬಣ್ಣ ಒರಸೂ ಆ ಬಟ್ಟಿನೂ ನಾನ ಕೊಟ್ಟೆ. ತಪ್ಪ ನಂದು. ನನಗ ಮಾಫ ಮಾಡು."